ಏಳು ಹತಾರ ಸಾಕು

ಗೆರೆರೋ ನೆಗ್ರೋ, 14 ಮೇ 1984

ಅಣ್ಣಾ,

ಬಸ್ಸಿನಲ್ಲಿ ಕೂತು ಕೂತು ಸೊಂಟ ಬಿದ್ದುಹೋಗಿದೆ, ಉಳಿದಂತೆ ಕ್ಷೇಮ. ಎವೇಲಿಯೋನಿಗೆ ಉಪ್ಪಿನ ಲಾರಿ ಓಡಿಸುವ ಕೆಲಸ ಸಿಕ್ಕಿದೆ. ಲಾರಿ ಎಂದರೆ ನಮ್ಮ ಪಾರಾಚೋದ ಎರಡು ಮನೆ ಸೇರಿಸಿದಷ್ಟಿದೆ. ಈ ಊರಿನಲ್ಲಿ ಉಪ್ಪು, ಗಾಳಿ, ಮಂಜು ಬಿಟ್ಟರೆ ಬೇರೇನೂ ಇಲ್ಲ. ನೆರಳಿಗೂ ಒಂದು ಮರವಿಲ್ಲ. ಗಿಟಾರ್ ಮಾಡುವವರ ಮನೆಯ ಮಗಳನ್ನು ಎಲ್ಲಿಗೆ ತಂದು ಹಾಕಿದೆಯಪ್ಪಾ ಎಂದು ಗಂಡನ ಮೇಲೆ ರೇಗಿದೆ. "ಪಾರಾಚೋದಲ್ಲಿ ನಿನ್ನಂಥೋರು ಬೀದಿ ತುಂಬಾ ಇದಾರೆ. ಇಲ್ಲಿ ನೀನೊಬ್ಳೇ ಕಣೇ" ಎಂದ. ಮದುವೆಯಾದ ಮೇಲೆ ಅವನಾಡಿದ ಮೊದಲ ಸರಿಯಾದ ಮಾತು ಅದು.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹಾಡು ಕುಣಿತ ಕಲಿಸುವ ಒಂದು ಕಟ್ಟಡವಿದೆ. ಅದನ್ನು ನೋಡಿಕೊಳ್ಳುವವಳು ಟೀಚರ್ ಒಲಿಂಪಿಯಾ. ಹಿಂಬದಿಯ ಕೋಣೆ ಖಾಲಿ ಇತ್ತು. ನಾನು ಗಿಟಾರ್ ಮಾಡುವವಳು, ಪಾರಾಚೋದವಳು, ಆ ಕೋಣೆ ನನಗೆ ಕೊಡಿ ಎಂದು ಕೇಳಿಯೇಬಿಟ್ಟೆ. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಡಿಸೆಂಬರ್ ಹನ್ನೆರಡಕ್ಕೆ ಗ್ವಾದಲೂಪೆ ತಾಯಿ ಹಬ್ಬ. ಬೆಳಿಗ್ಗೆ ಹಾಡೋ ಹಾಡಿಗೆ ನೀವು ಮಾಡಿದ ಗಿಟಾರೇ ಬರ್ಲಿ. ಬಂದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ರೇಡಿಯೋ ರಿಪೇರಿಯೋನು ಬಾಗಿಲಲ್ಲೇ ಕಾಯ್ತಿದಾನೆ" ಎಂದಳು.

ಮರ ನಾನೇ ತಂದಿದ್ದೇನೆ. ಗಿಟಾರಿನ ಮುಖಕ್ಕೆ, ಬೆನ್ನಿಗೆ, ಕತ್ತಿಗೆ ಬೇಕಾದಷ್ಟಿದೆ. ಪಕ್ಕಕ್ಕೆ ಪಾಲೋ ಎಸ್ಕ್ರೀತೋ ಮರದ ಮೂರು ಜೊತೆ ಪಟ್ಟಿಗಳಿವೆ. ಹತಾರ ಮಾತ್ರ ಒಂದೂ ಇಲ್ಲ. ಎವೇಲಿಯೋನ ಮೇಸ್ತ್ರಿ ಅಮೆರಿಕದ ಅಂಗಡಿಯ ಪುಸ್ತಕವೊಂದನ್ನು ಕೊಟ್ಟಿದ್ದಾನೆ. ಅದರಲ್ಲಿ ಕ್ಲಾಂಪುಗಳೇ ನಾಲ್ಕು ಪುಟ. ನೋಡಿ ತಲೆ ತಿರುಗಿತು. ನಿಜಕ್ಕೂ ಯಾವುವು ಬೇಕು, ಯಾವುವು ಬೇಡ? ನೀನು ಹೇಳಿದ್ದೇ ಕೊನೆಯ ಮಾತು.

ನಿನ್ನ ತಂಗಿ,
ನಸಾರಿಯಾ

ಪಾರಾಚೋ, 3 ಜೂನ್

ನಸಾರಿಯಾ,

ಆ ಪುಸ್ತಕವನ್ನು ಒಲೆಗೆ ಹಾಕು. ನಾಲ್ಕು ಪುಟ ಕ್ಲಾಂಪು ಕೊಂಡವನಿಗೆ ಗಿಟಾರ್ ಮಾಡಲು ಪುರುಸೊತ್ತು ಎಲ್ಲಿಂದ ಬರಬೇಕು?

ನಮ್ಮ ಮನೆಯಲ್ಲಿ ಇರುವುದು ಏಳು ಹತಾರ. ಅಪ್ಪ ಏಳರಲ್ಲೇ ಮಾಡಿದ, ನಾನೂ ಏಳರಲ್ಲೇ ಮಾಡುತ್ತಿದ್ದೇನೆ. ಹಲಗೆ ಸಮ ಮಾಡಲು ತೋಪಡ. ಗರಗಸ. ಉಳಿ. ಲಾರಿಯ ಪಟ್ಟಾ ಬಡಿದು ಮಾಡಿದ ಚೂರಿ. ಹಳೆಯ ಗರಗಸದ ಅಲಗನ್ನು ಕತ್ತರಿಸಿ ಮಾಡಿದ ಹೆರೆಯುವ ತಗಡು. ಗಿಟಾರನ್ನು ಬೋರಲು ಮಲಗಿಸಿ ಕೂಡಿಸುವ ಅಚ್ಚುಹಲಗೆ. ಏಳನೆಯದು ಹಗ್ಗ. ಕ್ಲಾಂಪಿನ ಕೆಲಸವನ್ನೆಲ್ಲ ಹಗ್ಗವೇ ಮಾಡುತ್ತದೆ, ಸುತ್ತಿ ಬೆಣೆ ಹೊಡೆದರಾಯಿತು. ಅಂಟಿಸುವ ಮರವಜ್ರ ಕಾಯಿಸುವ ಬೋಗುಣಿ ಹತಾರವಲ್ಲ, ಅಡುಗೆಮನೆಯ ಪಾತ್ರೆ. ಅದನ್ನು ನನ್ನ ಹತ್ತಿರ ಕೇಳಬೇಡ.

ಏಳರಲ್ಲೂ ಒಂದೊಂದನ್ನು ನಿನಗೆಂದು ಬಸ್ಸಿಗೆ ಹಾಕಿದ್ದೇನೆ. ಅಪ್ಪನ ಚೂರಿ ಕೊಡುವುದಿಲ್ಲ, ಅದು ನನ್ನ ಕೈಗೆ ಸವೆದಿದೆ. ನಿನಗೆ ಹೊಸದು ಬಡಿಸಿದ್ದೇನೆ.

ಬೀದಿಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ. "ತಂಗಿ ಅಲ್ಲಿ ಅಂಗಡಿ ಹಾಕ್ತಾಳಂತಲ್ಲೋ ಪ್ರಿಸ್ಸಿಲಿಯಾನೋ?" ಎಂದು ಮೂಲೆಮನೆಯ ದೋನ್ ಎಲಿಹಿಯೋ ಕೂಡ ಕೇಳಿದ. "ಅಂಗಡಿ ಎಲ್ಲಿ ಬಂತು ದೋನ್ ಎಲಿಹಿಯೋ, ಹೊತ್ತು ಹೋಗ್ಬೇಕಲ್ಲ ಅಂತ ಏನೋ ಕೆರೀತಾಳೆ" ಎಂದೆ.

ಪ್ರಿಸ್ಸಿಲಿಯಾನೋ

ಗೆರೆರೋ ನೆಗ್ರೋ, 1 ಜುಲೈ

ಅಣ್ಣಾ,

ಹತಾರಗಳು ಬಂದವು. ಉಬಾಲ್ದಾ ಅತ್ತಿಗೆ ತನ್ನ ಹಳೆಯ ಶಾಲಿನಲ್ಲಿ ಸುತ್ತಿಟ್ಟಿದ್ದಳು. ಬಿಚ್ಚಿದರೆ ನಮ್ಮ ಮನೆಯ ಹೊಗೆಯ ವಾಸನೆ ಬಂತು, ಶಾಲನ್ನು ಒಗೆಯದೆ ಹಾಗೇ ಎತ್ತಿಟ್ಟೆ.

ನಾನು ಹೊತ್ತು ಕಳೆಯಲು ಕೆರೆಯುತ್ತಿಲ್ಲ. ಎರಡು ಜಡೆ ಹಾಕಿಕೊಂಡಿದ್ದ ಕಾಲಕ್ಕೇ ನಿನ್ನ ಪಕ್ಕ ಕೂತು ಮುಖದ ಹಲಗೆ ಹೆರೆದವಳು ನಾನು. ಬೀದಿಯವರಿಗೆ ಇನ್ನೊಮ್ಮೆ ಹಾಗೆ ಹೇಳಿದರೆ ಅತ್ತಿಗೆಗೆ ಬರೆದು ನಿನಗೆ ಊಟ ನಿಲ್ಲಿಸುತ್ತೇನೆ.

ಇಲ್ಲಿ ತುಕ್ಕಿನ ಕಾಟ ಹೇಳತೀರದು. ಸಂಜೆ ಒರೆಸಿಟ್ಟ ತೋಪಡ ಬೆಳಿಗ್ಗೆ ಕೆಂಪಗಿರುತ್ತದೆ. ಹಂದಿಯ ಕೊಬ್ಬು ಸವರಿ ಮಲಗಿಸುತ್ತೇನೆ. ಆದರೂ ಮುಖ ಆಯಿತು, ಬೆರಳಿನಿಂದ ತಟ್ಟಿದರೆ ಚೆನ್ನಾಗಿ ದನಿ ಕೊಡುತ್ತದೆ. ಕತ್ತು ಆಯಿತು, ಬೆನ್ನೂ ಆಯಿತು. ಕೆಲಸ ನಿಲ್ಲಿಸಿದ್ದು ಪಕ್ಕದ ಪಟ್ಟಿ. ಅದರಲ್ಲೇನು ಮಹಾ ಎಂದು ಹಂಡೆಯಲ್ಲಿ ನೀರು ಕುದಿಸಿ, ಆವಿ ಹಿಡಿದು, ಮೊಣಕಾಲಿಗೆ ಒತ್ತಿದೆ. ಗಿಟಾರಿನ ನಡು ಬರುವ ಜಾಗದಲ್ಲಿ ಪಟ್ ಎಂದಿತು. ಜೊತೆಯದೂ ಹಾಗೇ ಹೋಯಿತು.

ಮೂರರಲ್ಲಿ ಒಂದು ಜೊತೆ ಮುಗಿಯಿತು. ಈ ಏಳರಲ್ಲಿ ಯಾವುದರಿಂದ ಬಗ್ಗಿಸುವುದು? ನನಗೆ ನೆನಪೇ ಬರುತ್ತಿಲ್ಲ, ಬೇಗ ಬರೆ.

ನಸಾರಿಯಾ

ಪಾರಾಚೋ, 20 ಜುಲೈ

ನಸಾರಿಯಾ,

ತಪ್ಪು ಮರದ್ದೂ ಅಲ್ಲ, ಹತಾರದ್ದೂ ಅಲ್ಲ. ನಿನ್ನ ಅವಸರದ್ದು. ಚಿಕ್ಕಂದಿನಿಂದಲೂ ಹಾಗೇ, ಅತೋಲೆ ಗಂಜಿ ಆರುವ ಮೊದಲೇ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತಿದ್ದೆ.

ಹೆರೆಯುವ ತಗಡು ಮೊಂಡಾಗಿರಬೇಕು, ಮಸೆ. ಪಟ್ಟಿಯನ್ನು ಇನ್ನೂ ತೆಳ್ಳಗೆ ಹೆರೆ. ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ನಿಧಾನವಾಗಿ ಬಗ್ಗಿಸು. ಇದಕ್ಕೆಲ್ಲ ಪತ್ರ ಬರೆಯಬೇಕೆ? ನಮ್ಮ ಮನೆಯಲ್ಲಿ ಒಂದೇ ಒಂದು ಪಟ್ಟಿ ಮುರಿದದ್ದನ್ನು ನಾನು ಈವರೆಗೆ ನೋಡಿಲ್ಲ.

ಇಂಥ ಮರ ಇನ್ನು ಸಿಗುವುದಿಲ್ಲ. ಹಾಳು ಮಾಡಬೇಡ.

ಪ್ರಿಸ್ಸಿಲಿಯಾನೋ

ಗೆರೆರೋ ನೆಗ್ರೋ, 15 ಆಗಸ್ಟ್

ಅಣ್ಣಾ,

ನೀನು ಹೇಳಿದಂತೆಯೇ ಮಾಡಿದೆ. ತೆಳ್ಳಗೆ ಹೆರೆದೆ, ರಾತ್ರಿ ನೆನೆಹಾಕಿದೆ, ಬೆಳಿಗ್ಗೆ ನಿಧಾನವಾಗಿ ಬಗ್ಗಿಸಿದೆ. ನಿಧಾನವಾಗಿ ಮುರಿಯಿತು. ಇನ್ನು ಉಳಿದಿರುವುದು ಒಂದೇ ಜೊತೆ.

ಸಿಟ್ಟಿನಲ್ಲಿ ನಿನ್ನ ಪತ್ರವನ್ನು ಹರಿಯಲು ಹೋದವಳು ಆ ಸಾಲಿಗೆ ನಿಂತೆ. ನಮ್ಮ ಮನೆಯಲ್ಲಿ ಪಟ್ಟಿ ಮುರಿದದ್ದನ್ನು ನಾನೂ ನೋಡಿಲ್ಲ ಅಣ್ಣಾ. ಹೇಗೆ ನೋಡುತ್ತೇವೆ? ನಮ್ಮ ಮನೆಯಲ್ಲಿ ಯಾರೂ ಪಟ್ಟಿ ಬಗ್ಗಿಸಿಯೇ ಇಲ್ಲ! ಹೆರೆದ ಪಟ್ಟಿಗಳನ್ನು ಕಟ್ಟು ಕಟ್ಟಿ "ಓಡು, ಮೂಲೆಮನೆಗೆ ಕೊಟ್ಟು ಬಾ" ಎಂದು ನೀನೇ ನನ್ನನ್ನು ಅಟ್ಟುತ್ತಿದ್ದೆ. ಬೆಳಿಗ್ಗೆ ನೆಟ್ಟಗಿನ ಪಟ್ಟಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ, ಸಂಜೆ ಬಾಗಿದವುಗಳನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದೆ. ನಡುವೆ ದೋನ್ ಎಲಿಹಿಯೋ ಏನು ಮಾಡುತ್ತಿದ್ದನೋ ಒಮ್ಮೆಯೂ ಒಳಗೆ ಹೋಗಿ ನೋಡಲಿಲ್ಲ. ಬಾಗಿಲಲ್ಲಿ ನಿಂತು ಅವನ ಹೆಂಡತಿ ಕೊಟ್ಟ ಕೊರುಂದಾ ಕಡುಬು ತಿಂದು ಬಂದವಳು ನಾನು.

ಗಿಟಾರಿನ ಬಾಯಿಯ ಸುತ್ತಲಿನ ಬಣ್ಣದ ಬಳೆ ಮಾಡುತ್ತಿದ್ದವಳು ದೋನ್ಯಾ ತೊಮಾಸಾ. ಬೆರಳು ಒತ್ತುವ ಪಟ್ಟಿಗೆ ಮೆಟ್ಟುಗಳ ಗೆರೆ ಕೊಯ್ಯುತ್ತಿದ್ದುದು ವುಲ್ಫ್ರಾನೋ. ಏಳು ಹತಾರ ನಮ್ಮ ಮನೆಯವು, ನಿಜ. ಆದರೆ ಗಿಟಾರ್ ಮಾಡುತ್ತಿದ್ದುದು ಬೀದಿ! ಒಂದು ಬೀದಿಯನ್ನು ಬಸ್ಸಿಗೆ ಹಾಕಿ ಕಳಿಸುವುದನ್ನು ಇಬ್ಬರೂ ಮರೆತೆವು. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ಅತ್ತೆ. ಎವೇಲಿಯೋ ಹೆದರಿ ಚಹಾ ಮಾಡಿಕೊಟ್ಟ.

ಬಳೆಯನ್ನು, ಮೆಟ್ಟನ್ನು ಹೇಗೋ ಮಾಡಿಕೊಳ್ಳುತ್ತೇನೆ. ಬಾಗು ಮಾತ್ರ ಬರುತ್ತಿಲ್ಲ. ಅಣ್ಣಾ, ನಿನ್ನ ಕಾಲಿಗೆ ಬೀಳುತ್ತೇನೆ, ಮೂಲೆಮನೆಗೆ ಹೋಗಿ ಕೇಳು. ಯಾವುದರ ಮೇಲೆ ಬಗ್ಗಿಸುತ್ತಾನೆ, ಎಷ್ಟು ಕಾಯಿಸುತ್ತಾನೆ, ಎಷ್ಟು ನೆನೆಸುತ್ತಾನೆ, ಇಷ್ಟೇ. ನಾಲ್ಕು ಮನೆ ದಾಟಿದರೆ ಆಯಿತು.

ನಸಾರಿಯಾ

ಪಾರಾಚೋ, 4 ಸೆಪ್ಟೆಂಬರ್

ನಸಾರಿಯಾ,

ನಾನು ಹೋಗಿ ಕೇಳುವುದಿಲ್ಲ. ಅಪ್ಪನ ಕಾಲದಿಂದ ಅವನಿಗೆ ಪಟ್ಟಿ ಕೊಟ್ಟು ಕೆಲಸ ಮಾಡಿಸುತ್ತಿರುವವರು ನಾವು. ಗಿಟಾರಿನೊಳಗೆ ಅಂಟಿಸುವ ಚೀಟಿಯಲ್ಲಿ ಇರುವುದು ನಮ್ಮ ಮನೆಯ ಹೆಸರು, ಅವನದಲ್ಲ. ಈ ವಯಸ್ಸಿನಲ್ಲಿ ಅವನ ಬಾಗಿಲಲ್ಲಿ ನಿಂತು "ದೋನ್ ಎಲಿಹಿಯೋ, ಪಟ್ಟಿ ಹೇಗೆ ಬಗ್ಗಿಸೋದು?" ಎಂದು ಕೇಳಿದರೆ, ಅವನು ನಗದಿದ್ದರೂ ಅವನ ಹೆಂಡತಿ ನಗುತ್ತಾಳೆ. ಊಟದ ಹೊತ್ತಿಗೆ ಇಡೀ ಪಾರಾಚೋ ನಗುತ್ತದೆ.

ಮತ್ತೆ, ನಮಗೆ ಬಗ್ಗಿಸಲು ಬರುವುದಿಲ್ಲ ಎಂದು ಬರೆದಿದ್ದೀಯಲ್ಲ, ನಿನಗೆ ಬರುವುದಿಲ್ಲ ಎಂದು ಬರೆ. ನಾನು ಮಾಡಲಿಲ್ಲ ಅಷ್ಟೇ. ಮನಸ್ಸು ಮಾಡಿದರೆ ಒಂದು ಬೆಳಗಿನ ಕೆಲಸ.

ಪ್ರಿಸ್ಸಿಲಿಯಾನೋ

ಗೆರೆರೋ ನೆಗ್ರೋ, 22 ಸೆಪ್ಟೆಂಬರ್

ಹಾಗಾದರೆ ಮಾಡು. ಒಂದು ಬೆಳಿಗ್ಗೆ ಮಾಡಿ, ಹೇಗೆ ಮಾಡಿದೆ ಎಂದು ಬರೆ. ನಿನ್ನ ಮರ್ಯಾದೆಗೆ ನನ್ನ ಕೋಣೆ ಬಲಿಯಾಗುತ್ತಿದೆ. ರೇಡಿಯೋದವನು ನಿನ್ನೆ ಬಂದು ಗೋಡೆಗೆ ಎಲ್ಲಿ ಮೊಳೆ ಹೊಡೆಯಬೇಕೆಂದು ಅಳೆದು ಹೋದ. ನಾನು ಒಳಗೇ ಇದ್ದೆ. "ನೀವು ನಿಮ್ಮ ಕೆಲ್ಸ ಮಾಡ್ಕೊಳಿ ಅಮ್ಮಾ, ನಂದು ಅರ್ಜೆಂಟಿಲ್ಲ" ಎಂದ. ನನಗೆ ಎಷ್ಟು ಹೊಟ್ಟೆ ಉರಿಯಿತು ಎಂದು ನಿನಗೆ ಅರ್ಥವಾಗುವುದಿಲ್ಲ. ಅಲ್ಲಿ ನಾನು ನಿನ್ನ ತಂಗಿ, ಇಲ್ಲಿ ಲಾರಿಯವನ ಹೆಂಡತಿ. ಆ ಕೋಣೆಯೊಳಗೆ ಮಾತ್ರ ನಾನು ಗಿಟಾರ್ ಮಾಡುವವಳು.

ನಸಾರಿಯಾ

ಗೆರೆರೋ ನೆಗ್ರೋ, 18 ಅಕ್ಟೋಬರ್

ಅಣ್ಣಾ,

ನಿನ್ನಿಂದ ಉತ್ತರವಿಲ್ಲ. ಸರಿ, ಬೇಡ ಬಿಡು. ನಾನೇ ದಾರಿ ನೋಡಿಕೊಂಡೆ.

ಎವೇಲಿಯೋ ಗುಜರಿಯಲ್ಲಿ ಬಿದ್ದಿದ್ದ ಲಾರಿಯ ಹೊಗೆ ಕೊಳವೆಯನ್ನು ತುಂಡು ಮಾಡಿ ತಂದ. ಬಾಲ್ಯದಲ್ಲಿ ಮೂಲೆಮನೆಯ ಬಾಗಿಲಲ್ಲಿ ನಿಂತಾಗ ಒಳಗಿನಿಂದ ಬಿಸಿ ಕಬ್ಬಿಣದ ವಾಸನೆ ಬರುತ್ತಿತ್ತು, ಚುಯ್ ಎಂದು ಸದ್ದು ಕೇಳುತ್ತಿತ್ತು. ನೋಡದಿದ್ದರೂ ಮೂಗು ಕಿವಿ ಅಷ್ಟು ಇಟ್ಟುಕೊಂಡಿದ್ದವು. ಕೊಳವೆಯನ್ನು ಮೇಜಿಗೆ ಬಿಗಿದು ಒಳಗೆ ಇದ್ದಿಲು ತುಂಬಿದೆ. ಟೊಮ್ಯಾಟೊ ಪೆಟ್ಟಿಗೆಯ ಪಟ್ಟಿಗಳನ್ನು ಒದ್ದೆ ಮಾಡಿ ಅದರ ಮೇಲೆ ಒತ್ತಿ ನೋಡಿದೆ. ಸುಟ್ಟವು, ಮುರಿದವು, ಇನ್ನಷ್ಟು ಸುಟ್ಟವು. ತರಕಾರಿ ಅಂಗಡಿಯವಳು "ಅಷ್ಟೊಂದು ಪೆಟ್ಟಿಗೆ ಏನ್ಮಾಡ್ತಿ, ಕೋಳಿ ಸಾಕ್ತೀಯಾ?" ಎಂದು ಕೇಳುತ್ತಾಳೆ.

ಆಮೇಲೆ ಒಂದು ದಿನ ಮರ ಬಾಗಿತು. ಕೈಗೆ ಮೊದಲೇ ಗೊತ್ತಾಗುತ್ತದೆ ಅಣ್ಣಾ. ಅಲ್ಲಿಯವರೆಗೆ ಹಟ ಹಿಡಿದಿದ್ದ ಪಟ್ಟಿ ಒಮ್ಮೆಗೇ ಮೆತ್ತಗಾಗಿ ಕೇಳಿದ ಕಡೆಗೆ ಬರುತ್ತದೆ. ಆಗ ತಳ್ಳಬಾರದು, ಜೊತೆಗೆ ಹೋಗಬೇಕು. ಕೊನೆಯ ಜೊತೆಯನ್ನು ನಿನ್ನೆ ಬಗ್ಗಿಸಿದೆ. ಎರಡೂ ಅಚ್ಚುಹಲಗೆಯಲ್ಲಿ ಕೂತಿವೆ.

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಸತ್ತವರ ಹಬ್ಬಕ್ಕೆ ಅಪ್ಪನ ಫೋಟೋದ ಮುಂದೆ ನನ್ನ ಹೆಸರಿನಲ್ಲೂ ಒಂದು ಬ್ರೆಡ್ ಇಡು.

ನಸಾರಿಯಾ

ಪಾರಾಚೋ, 12 ನವೆಂಬರ್

ನಸಾರಿಯಾ,

ಬ್ರೆಡ್ ಇಟ್ಟೆ. ಈ ಸಲ ಚಳಿ ಬೇಗ ಬಂದಿದೆ. ಹಬ್ಬಕ್ಕೆ ಉರುವಾಪಾನ್‌ನಿಂದ ಜನ ಬಂದಿದ್ದರು. ದೋನ್ ಎಲಿಹಿಯೋಗೆ ಅಕ್ಟೋಬರಿನಲ್ಲಿ ಲಕ್ವ ಹೊಡೆಯಿತು. ಬಲಗೈ ಇಲ್ಲ, ಮಾತೂ ಇಲ್ಲ. ಚುರೀಪೋ ಸಾರು ತೆಗೆದುಕೊಂಡು ಹೋಗಿದ್ದೆ. ನನ್ನನ್ನು ಗುರುತು ಹಿಡಿದ.

ಬೇರೇನೂ ವಿಶೇಷವಿಲ್ಲ. ನನಗೆ ಕೆಲಸ ಬಹಳ, ಅದಕ್ಕೇ ಬರೆಯಲಾಗಲಿಲ್ಲ.

ಪ್ರಿಸ್ಸಿಲಿಯಾನೋ

ನಾನು ಉಬಾಲ್ದಾ, ಅಂಚೆಗೆ ಹಾಕು ಅಂತ ಇವ್ರು ಕೊಟ್ಟ್ರು, ಮುಚ್ಚೋ ಮೊದ್ಲು ಎರಡು ಮಾತು ಸೇರಿಸ್ತಿದೀನಿ. ಕೆಲ್ಸಾನೂ ಇಲ್ಲ ಮಣ್ಣೂ ಇಲ್ಲ ಕಣೇ. ನಿನ್ನ ಸಿಟ್ಟಿನ ಪತ್ರ ಬಂದಾಗಿಂದ ಹಿಂದಿನ ಕೊಟ್ಟಿಗೆ ಬಾಗಿಲು ಹಾಕ್ಕೊಂಡು ಪಟ್ಟಿ ಬಗ್ಗಿಸೋಕೆ ಹೊರಟಿದಾರೆ. ಹತ್ತು ಬೆರಳಿಗೂ ಬೊಬ್ಬೆ. ಮುರಿದಿದ್ದನ್ನೆಲ್ಲ ನಂಗೆ ಕಾಣದ ಹಾಗೆ ಒಲೆಗೆ ಹಾಕ್ತಾರೆ. ನಂಗೆ ಕಾಣಲ್ವಾ, ಒಲೆ ನಂದಲ್ವಾ? ಎಲಿಹಿಯೋನ ಕೇಳಿಬರ್ತೀನಿ ಅಂತ ಕೊನೆಗೂ ಮನಸ್ಸು ಗಟ್ಟಿ ಮಾಡ್ಕೊಂಡು ಹೋದ್ರು. ಅಷ್ಟೊತ್ತಿಗೆ ಅವ್ನ ಮಾತೇ ಹೋಗಿತ್ತು. ನೀನು ಏನೂ ಅನ್ನಬೇಡ.

ಗೆರೆರೋ ನೆಗ್ರೋ, 13 ಡಿಸೆಂಬರ್

ಅಣ್ಣಾ,

ನಿನ್ನೆ ಬೆಳಿಗ್ಗೆ ತಾಯಿಯ ಹಾಡಿಗೆ ನನ್ನ ಗಿಟಾರ್ ಇತ್ತು.

ಚೆನ್ನಾಗಿದೆ ಎಂದು ಸುಳ್ಳು ಹೇಳುವುದಿಲ್ಲ. ಬಾಯಿಯ ಬಳೆ ಬರೀ ಒಂದು ಕರಿ ಗೆರೆ, ದೋನ್ಯಾ ತೊಮಾಸಾ ನೋಡಿದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಒಂಬತ್ತನೆಯ ಮೆಟ್ಟು ಒಂದು ಕೂದಲಿನಷ್ಟು ಆಚೆ ಹೋಗಿದೆ, ಅಲ್ಲಿ ಒತ್ತಿದರೆ ಅಪಸ್ವರ. ನುಡಿಸಿದ ಮೀನುಗಾರ ಬುದ್ಧಿವಂತ, ಅಲ್ಲಿಗೆ ಹೋಗಲೇ ಇಲ್ಲ. ಆದರೆ ದನಿ ಇದೆ. ಮಂಜಿನಲ್ಲಿ, ಅಷ್ಟು ಜನರ ಹಾಡಿನ ನಡುವೆಯೂ ಹಿಂದಿನ ಸಾಲಿನಲ್ಲಿ ನಿಂತ ನನಗೆ ಕೇಳಿಸಿತು.

ಟೀಚರ್ ಒಲಿಂಪಿಯಾ ತಿರುಗಿಸಿ ತಿರುಗಿಸಿ ನೋಡಿದಳು. "ಪೂರ್ತಿ ನೀವೇ ಮಾಡಿದ್ದಾ?" ಎಂದು ಕೇಳಿದಳು. "ಪೂರ್ತಿ ನಾನೇ" ಎಂದೆ. ಹೇಳಿದ ಮೇಲೆ ಹೊಳೆಯಿತು. ನಮ್ಮ ಮನೆಯಲ್ಲಿ ಅಪ್ಪ ಆ ಮಾತು ಹೇಳಿರಲಿಲ್ಲ, ನೀನೂ ಹೇಳಿಲ್ಲ. ರೇಡಿಯೋದವನು ಬಾಯೊಳಗೆ ಇಣುಕಿ "ಒಳಗೆ ಏನೂ ಇಲ್ವಲ್ಲಮ್ಮಾ, ಮತ್ತೆ ಸದ್ದು ಎಲ್ಲಿಂದ ಬರುತ್ತೆ?" ಎಂದ. ಪಾಪ, ಒಳ್ಳೆಯ ಮನುಷ್ಯನೇ.

ಕೋಣೆ ನನ್ನದಾಯಿತು. ಅತ್ತಿಗೆಯನ್ನು ಬೈಯಬೇಡ. ಬೆರಳಿಗೆ ಏನಾದರೂ ಹಚ್ಚಿದೆಯಾ?

ನಸಾರಿಯಾ

ಪಾರಾಚೋ, 20 ಜನವರಿ 1985

ನಸಾರಿಯಾ,

ನಿನಗೊಂದು ಒಳ್ಳೆಯ ಸುದ್ದಿ ಇದೆ, ಮೊದಲು ಇದನ್ನು ಓದು. ದೋನ್ ಎಲಿಹಿಯೋನನ್ನು ಮಗಳು ಉರುವಾಪಾನ್‌ಗೆ ಕರೆದುಕೊಂಡು ಹೋದಳು. ಮೂಲೆಮನೆ ಬೀಗ ಹಾಕಿದೆ. ಅವನು ಯಾರಿಗೂ ಕಲಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಬೀದಿಯ ಮನೆಗಳೆಲ್ಲ ಕೈ ಕಟ್ಟಿ ಕೂತಿವೆ. ಯಂತ್ರದಲ್ಲಿ ಒತ್ತಿದ ಪ್ಲೈವುಡ್ ಪಕ್ಕಗಳನ್ನು ಮಾರಲು ಒಬ್ಬ ಬಂದಿದ್ದ. ವುಲ್ಫ್ರಾನೋ ತೆಗೆದುಕೊಂಡ. ನಾನು ಆ ಮಾರುವವನನ್ನು ಹೊರಗೆ ಹಾಕಿದೆ. ಅಪ್ಪನ ಹೆಸರು ಅಂಟಿಸಿ ಪ್ಲೈವುಡ್ ಮಾರಲಾರೆ.

ನಿನ್ನೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದರು. ನಿನ್ನ ಹೆಸರು ಎತ್ತಿದ್ದು ನಾನೇ. ಎಲ್ಲರೂ ಒಪ್ಪಿದರು. ಮೂಲೆಮನೆಯನ್ನು ನಿನಗೆ ಬಿಟ್ಟುಕೊಡುತ್ತಾರೆ. ಎವೇಲಿಯೋನಿಗೆ ಮರ ತರುವ ಲಾರಿ ಇದೆ. ನೀನು ಬಂದು ಕೂತು ಪಟ್ಟಿ ಬಗ್ಗಿಸಿಕೊಟ್ಟರೆ ಸಾಕು, ಉಳಿದದ್ದನ್ನು ನಾವು ಮಾಡಿಕೊಳ್ಳುತ್ತೇವೆ. ಯಾವಾಗ ಹೊರಡುತ್ತೀ?

ಪ್ರಿಸ್ಸಿಲಿಯಾನೋ

ಗೆರೆರೋ ನೆಗ್ರೋ, 9 ಫೆಬ್ರವರಿ

ಅಣ್ಣಾ,

ಉಳಿದದ್ದನ್ನು ನೀವು ಮಾಡಿಕೊಳ್ಳುತ್ತೀರಿ!

ನಾನು ಇಡೀ ಗಿಟಾರ್ ಮಾಡಿದೆ ಎಂದು ಬರೆದೆ. ನೀನು ಅದರಲ್ಲಿ ಪಕ್ಕದ ಪಟ್ಟಿಯನ್ನಷ್ಟೇ ಓದಿದೆ. ಹೇಗಿತ್ತು ದನಿ ಎಂದು ಒಂದು ಮಾತು ಕೇಳಲಿಲ್ಲ. ದೋನ್ ಎಲಿಹಿಯೋನ ಜಾಗದಲ್ಲಿ ನಾನು ಕೂತರೆ ಸಾಯುವತನಕ ಅವರಿವರ ಪಟ್ಟಿ ಬಗ್ಗಿಸುತ್ತಾ ಇರುತ್ತೇನೆ, ಬಾಗಿಲಲ್ಲಿ ಯಾರದೋ ಮಗಳು ಬಂದು ಇಸಿದುಕೊಂಡು ಹೋಗುತ್ತಾಳೆ, ಒಳಗೆ ಬಂದು ನೋಡುವುದಿಲ್ಲ. ನಾನು ಬರುವುದಿಲ್ಲ.

ನಿನ್ನ ಮೇಲೆ ಪ್ರೀತಿ ಇಲ್ಲ ಎಂದುಕೊಳ್ಳಬೇಡ. ಪ್ಲೈವುಡ್‌ನವನನ್ನು ಹೊರಗೆ ಹಾಕಿದ್ದು ಓದಿ ಕಣ್ಣು ತುಂಬಿ ಬಂತು. ಬಗ್ಗಿಸುವುದು ಹೇಗೆಂದು ಬರೆಯೋಣವೆಂದು ಕೂತೆ. ಮೂರು ಸಲ ಬರೆದು ಮೂರು ಸಲವೂ ಹರಿದೆ. ಮರ ಮೆತ್ತಗಾಗುವ ಆ ಗಳಿಗೆಯನ್ನು ಹೇಗೆ ಬರೆಯಲಿ? ನಿನ್ನ ಕೈಯ ಮೇಲೆ ನನ್ನ ಕೈ ಇಟ್ಟು "ಈಗ" ಎನ್ನಬೇಕು, ಬೇರೆ ದಾರಿ ಇಲ್ಲ.

ಆದ್ದರಿಂದ ನೀನು ಬಾ. ಬೀದಿಗೆ ಬಗ್ಗಿಸುವವನು ಬೇಕಿದ್ದರೆ ನೀನೇ ಆಗು. ಇಲ್ಲಿ ನಿನ್ನನ್ನು ನೋಡಿ ನಗುವವರು ಯಾರೂ ಇಲ್ಲ, ನನ್ನೊಬ್ಬಳನ್ನು ಬಿಟ್ಟು.

ನಸಾರಿಯಾ

ಪಾರಾಚೋ, 5 ಮಾರ್ಚ್

ನಸಾರಿಯಾ,

ನಿನ್ನ ಪತ್ರ ಓದಿ ಎರಡು ದಿನ ಕೊಟ್ಟಿಗೆಯಲ್ಲಿ ಹತಾರ ಮಸೆಯುತ್ತಾ ಕೂತೆ. ಮೂರನೆಯ ದಿನ ಉಬಾಲ್ದಾ ಕೇಳದೆಯೇ ನನ್ನ ಬಟ್ಟೆ ಒಗೆದು ಮಡಚಿ ಚೀಲಕ್ಕೆ ತುಂಬಿದಳು. ಈ ಮನೆಯ ಹೆಂಗಸರೆಲ್ಲ ಒಂದೇ.

ತಿಹುವಾನಾದಿಂದ ನಿಮ್ಮ ಊರಿಗೆ ಬೆಳಗಿನ ಬಸ್ಸು ಇದೆಯೋ ರಾತ್ರಿಯದೋ ತಿಳಿಸು. ಅಲ್ಲಿ ಹುರಿದ ಮೀನು ಬಿಟ್ಟು ಬೇರೆ ಊಟವಿದೆಯೋ ಇಲ್ಲವೋ ಅದನ್ನೂ ತಿಳಿಸು. ಪಟ್ಟಿಗೆ ಮರ ತರುತ್ತಿದ್ದೇನೆ, ಬೇಕಾದಷ್ಟು ಮುರಿಯಬಹುದು.

ಇನ್ನೊಂದು ಮಾತು. "ಎಲ್ಲಿಗೆ ಹೊರಟೆ?" ಎಂದು ಬೀದಿಯಲ್ಲಿ ಎಲ್ಲರೂ ಕೇಳಿದರು. ತಂಗಿಗೆ ಪಟ್ಟಿ ಬಗ್ಗಿಸುವುದು ಇನ್ನೂ ಸರಿಯಾಗಿ ಬಂದಿಲ್ಲ, ಕಲಿಸಿಕೊಟ್ಟು ಬರುತ್ತೇನೆ ಎಂದಿದ್ದೇನೆ. ಯಾರಾದರೂ ನಿನಗೆ ಬರೆದು ಕೇಳಿದರೆ, ಹೌದು ಎನ್ನು.

ಪ್ರಿಸ್ಸಿಲಿಯಾನೋ